ಓರೆಪಾದೆ ದಾಟಿದ ಜೀಪು

ಪೂವಮ್ಮ ವೇಣೂರಿನ ಕಡೆಯ ಹೆಣ್ಣು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಗದ್ದೆಯಲ್ಲಿ ಕೋಣಗಳ ಹಿಂದೆ ನಡೆಯುವ ಕೆಲಸ ಚಿಕ್ಕಂದಿನಲ್ಲೇ ಅವಳ ಪಾಲಿಗೆ ಬಂತು. ಹೆಂಗಸು ನೇಗಿಲು ಮುಟ್ಟಿದರೆ ಮಳೆ ಬರುವುದಿಲ್ಲ ಎಂದು ನೆರೆಯವರು ಗೊಣಗಿದಾಗ, "ಬಾರದಿದ್ದರೆ ಒಳ್ಳೆಯದೇ ಆಯಿತು, ಈ ಊರಿನಲ್ಲಿ ಸುರಿಯುವುದು ಸಾಲದಾ?" ಎಂದು ಅಪ್ಪ ನಕ್ಕಿದ್ದ. ಕೋಣಗಳು ಪೂವಮ್ಮನ ಮಾತು ಕೇಳುತ್ತಿದ್ದವು. ಕೇಳದಿದ್ದರೆ, ಕೇಳುವವರೆಗೆ ಅವಳು ಗದ್ದೆ ಬಿಟ್ಟು ಬರುತ್ತಿರಲಿಲ್ಲ.

ಅವಳನ್ನು ಮದುವೆಯಾದ ಕುಶಾಲಪ್ಪ ಬೆಳ್ತಂಗಡಿಯಿಂದ ಮೇಲೆ, ಘಟ್ಟದ ಬುಡದ ಮಂಜಲ್ಪಾದೆಯವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿ ಲಾರಿ ಬಿಟ್ಟವನು. ಊರಿಗೆ ಬಂದು ಕೆಲವು ವರ್ಷ ಬೇಸಾಯ ಮಾಡಿದ. ಆದರೆ ಸ್ಟೇರಿಂಗ್ ಹಿಡಿದ ಕೈಗೆ ಹಾರೆ ಒಗ್ಗಲಿಲ್ಲ. ಕೊನೆಗೆ ಒಂದು ಹಳೆಯ ಜೀಪು ತಂದ. ಆಗ ಮಂಜಲ್ಪಾದೆಗೆ ಗಾಡಿ ಎಂದು ಇದ್ದದ್ದು ಅದೊಂದೇ. ಬಸುರಿಯರು, ಹಾವು ಕಚ್ಚಿದವರು, ಕೋರ್ಟಿಗೆ ಹೋಗುವವರು ಎಲ್ಲರೂ ಅದರಲ್ಲೇ ಇಳಿಯಬೇಕು, ಅದರಲ್ಲೇ ಹತ್ತಬೇಕು.

ದಾರಿಯೆಂದರೆ ಅಂಥದ್ದು. ಬೆಳ್ತಂಗಡಿಯಿಂದ ಒಂದಷ್ಟು ದೂರ ಟಾರು, ಆಮೇಲೆ ಆರು ಮೈಲು ಮಣ್ಣು. ಆ ಆರು ಮೈಲಿನಲ್ಲಿ ಎರಡು ಕೆಟ್ಟ ಜಾಗ. ಒಂದು ಕೆಮ್ಮಣ್ಣಿನ ಚಡವು; ಮಳೆ ಬಿದ್ದರೆ ಎಣ್ಣೆ ಹಚ್ಚಿದ ಹಾಗೆ ಜಾರುವ, ನೆಟ್ಟಗೆ ಏರುವ ದಾರಿ. ಇನ್ನೊಂದು ಅದರ ಮೇಲಿನ ಓರೆಪಾದೆ, ಅಂದರೆ ವಾಲಿದ ಬಂಡೆ. ಅಲ್ಲಿ ಏರು ಅಷ್ಟಿಲ್ಲ, ಆದರೆ ದಾರಿಯೇ ಒಂದು ಬದಿಗೆ ವಾಲಿದೆ. ವಾಲಿದ ಬದಿಯಲ್ಲಿ, ಎರಡಾಳು ಆಳದಲ್ಲಿ, ತೋಡು ಹರಿಯುತ್ತದೆ.

ಅರುವತ್ತನಾಲ್ಕರಲ್ಲಿ ಅಕ್ಕಿಗೆ ಬರ ಬಂತು. ಸರಕಾರ ಮಂಜಲ್ಪಾದೆಯ ಶಾಲೆಯ ಜಗಲಿಯಲ್ಲಿ ರೇಷನ್ ಡಿಪೋ ತೆರೆಯಿತು. ವಾರಕ್ಕೊಮ್ಮೆ ಅಕ್ಕಿ ಮೇಲೆ ತರುವ ಕೆಲಸ ಕುಶಾಲಪ್ಪನಿಗೆ ಸಿಕ್ಕಿತು. ಲೋಡಿಂಗಿಗೆ ತುಕ್ರಪ್ಪ ಎಂಬ ನೆರೆಮನೆಯವನು. ಮೂಟೆ ಹೆಚ್ಚಿದ್ದ ದಿನ ಪೂವಮ್ಮನೂ ಹೋಗುತ್ತಿದ್ದಳು.

ಜೂನಿನ ಮೊದಲ ದೊಡ್ಡ ಮಳೆಗೇ ಜೀಪು ಕೆಮ್ಮಣ್ಣಿನ ಚಡವಿನ ಅರ್ಧದಲ್ಲಿ ನಿಂತಿತು. ಎಂಜಿನ್ ಕೂಗುತ್ತದೆ, ಗಾಡಿ ಅಲುಗುವುದಿಲ್ಲ. ಪೂವಮ್ಮ ಇಳಿದು ಹಿಂದೆ ಹೋಗಿ ನೋಡಿದಳು. ಎಡಗಡೆಯ ಚಕ್ರ ಕೆಸರು ಎರಚುತ್ತಾ ಗಿರಗಿರ ತಿರುಗುತ್ತಿದೆ. ಬಲಗಡೆಯದು ಗಟ್ಟಿ ನೆಲದ ಮೇಲೆ, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಸುಮ್ಮನೆ ನಿಂತಿದೆ.

"ಗಟ್ಟಿ ನೆಲ ಸಿಕ್ಕಿದ ಚಕ್ರ ಯಾಕೆ ತಿರುಗುವುದಿಲ್ಲ?" ಎಂದು ಕೇಳಿದಳು.

"ಅದು ಡಿಫ್ರೆನ್ಸಿನ ಗುಣ ಮಾರಾಯ್ತಿ," ಎಂದ ಕುಶಾಲಪ್ಪ, ಹಿಂದಿನ ಆಕ್ಸಲಿನ ನಡುವೆ ಬುರುಡೆಯ ಹಾಗೆ ಉಬ್ಬಿದ ಕಬ್ಬಿಣವನ್ನು ತೋರಿಸಿ. "ಕೋಣ ಕಟ್ಟಿ ಉತ್ತವಳಲ್ಲವಾ ನೀನು? ಗದ್ದೆಯ ಮೂಲೆಯಲ್ಲಿ ತಿರುಗುವಾಗ ಹೊರಗಿನ ಕೋಣ ಜಾಸ್ತಿ ನಡೆಯಬೇಕು, ಒಳಗಿನದು ಕಡಿಮೆ. ಚಕ್ರಕ್ಕೂ ಹಾಗೇ. ಅದಕ್ಕೆ ಒಳಗೆ ಸಣ್ಣ ಹಲ್ಲುಚಕ್ರಗಳುಂಟು. ಆದರೆ ಒಂದು ಬದಿ ಜಾರಿತೋ, ಶಕ್ತಿಯೆಲ್ಲ ಆ ಬದಿಗೇ ಓಡುತ್ತದೆ."

"ಅಂದರೆ ಸೋಮಾರಿಗೆ ಹುಲ್ಲು, ದುಡಿಯುವವನಿಗೆ ಉಪವಾಸ."

"ಹೌದು, ಹಾಗೇ."

ಅವತ್ತು ಮೂಟೆಗಳನ್ನೆಲ್ಲ ಇಳಿಸಿ ತಲೆಹೊರೆಯಲ್ಲಿ ಚಡವು ಹತ್ತಿಸಿದರು. ಮರುವಾರವೂ ಅದೇ ಪಾಡು. ಕುಶಾಲಪ್ಪನಿಗೆ ರೋಸಿಹೋಯಿತು. ಜೀಪನ್ನು ಬಂಟ್ವಾಳದ ವೆಂಕಪ್ಪನ ಗ್ಯಾರೇಜಿಗೆ ಒಯ್ದು, ಡಿಫ್ರೆನ್ಸಿನ ಒಳಗಿನ ಹಲ್ಲುಗಳನ್ನೇ ಬೆಸುಗೆ ಹಾಕಿಸಿದ. ಇನ್ನು ಎರಡು ಚಕ್ರವೂ ಒಂದೇ ಕೋಲಿಗೆ ಸಿಕ್ಕಿಸಿದ ಹಾಗೆ ಒಟ್ಟಿಗೇ ತಿರುಗಬೇಕು. ಮೆಕ್ಯಾನಿಕರ ಬಾಯಲ್ಲಿ ಅದಕ್ಕೆ ಲಾಕ್ ಎಂದು ಹೆಸರು.

"ಕುಶಾಲಣ್ಣ, ಚಡವಿಗೆ ಇದು ಭೀಮ," ಎಂದಿದ್ದ ವೆಂಕಪ್ಪ. "ಆದರೆ ಟಾರು ರೋಡಿನ ತಿರುವಿನಲ್ಲಿ ಟಯರು ತಿನ್ನುತ್ತದೆ. ಓರೆ ಜಾಗದಲ್ಲಿ ನಿಧಾನ ಹೋಗಿ."

ಭೀಮನೇ ಸರಿ. ಜೀಪು ಕೆಮ್ಮಣ್ಣಿನ ಚಡವನ್ನು ಒಂದೇ ಉಸಿರಿಗೆ ಏರಿತು. ಟಾರಿನ ತಿರುವಿನಲ್ಲಿ ಕಿರ್ರೆಂದು ಕಿರುಚಿದರೂ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಜುಲೈಯ ಮೊದಲಲ್ಲಿ ಒಂದು ಸಂಜೆ, ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಕುಶಾಲಪ್ಪ ಓರೆಪಾದೆಯಲ್ಲಿ ಎಕ್ಸಿಲೇಟರ್ ಒತ್ತಿದ. ಹಿಂದಿನ ಎರಡೂ ಚಕ್ರ ಒಟ್ಟಿಗೇ ಜಾರಿದವು. ಜೀಪಿನ ಹಿಂಭಾಗ ಅಡ್ಡಡ್ಡಕ್ಕೆ, ಯಾರೋ ಕೈಹಿಡಿದು ಎಳೆದ ಹಾಗೆ, ತೋಡಿನ ಕಡೆಗೆ ಹೋಯಿತು. ತುಕ್ರಪ್ಪ ಹಾರಿಕೊಂಡ. ಕುಶಾಲಪ್ಪನ ಕಾಲು ಗಾಡಿಯ ಅಡಿಗೆ ಸಿಕ್ಕಿತು. ಅಕ್ಕಿ ತೋಡಿನ ಪಾಲಾಯಿತು.

ಮಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕಾಲು ಉಳಿಯಿತು, ಆದರೆ ಕ್ಲಚ್ಚು ಒತ್ತುವ ಕಾಲಾಗಿ ಉಳಿಯಲಿಲ್ಲ. ಆಳುಗಳು ಹಗ್ಗ ಕಟ್ಟಿ ಜೀಪನ್ನು ಮೇಲೆಳೆದು ಬಂಟ್ವಾಳಕ್ಕೆ ಸಾಗಿಸಿದರು. ಇತ್ತ ಆಟಿ ತಿಂಗಳು ಕಾಲಿಟ್ಟಿತು. ಮನೆಮನೆಯಲ್ಲಿ ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿ ಮುಡಿ ಬರಿದಾಗುವ ಕಾಲ ಅದು. ಡಿಪೋದ ಜಗಲಿಯಲ್ಲಿ ಬರೀ ಗೋಣಿ. ಮುದುಕಿಯರು ಕೂಡ ಪೇಟೆಗೆ ನಡೆದು, ಮಳೆಗೆ ಎಲೆಯ ಗೊರಬೆ ಹೊದ್ದು, ಅಕ್ಕಿ ತಲೆಯ ಮೇಲೆ ಹೊತ್ತು ಆ ಚಡವು ಹತ್ತುವುದನ್ನು ಪೂವಮ್ಮ ದಿನಾ ನೋಡಿದಳು. ಕೆಸವಿನ ಎಲೆ, ಹಲಸಿನ ಬೀಜದಲ್ಲಿ ಎಷ್ಟು ದಿನ ದೂಡಬಹುದು?

ಅವಳು ಬೆಳ್ತಂಗಡಿಯ ಕಚೇರಿಗೆ ಹೋದಳು. ಸಪ್ಲೈ ಅಧಿಕಾರಿ ಸಭ್ಯ ಮನುಷ್ಯ. ಕುರ್ಚಿ ತೋರಿಸಿ, "ಗಾಡಿ ಇಲ್ಲದಿದ್ದರೆ ಡಿಪೋವನ್ನು ಕೆಳಗೆ ತರುವುದೇ ದಾರಿ. ನಮಗೆ ಬೇರೆ ಉಪಾಯ ಇಲ್ಲ," ಎಂದರು.

"ಆಟಿ ಮುಗಿಯುವವರೆಗೆ, ಸೋಣ ಸಂಕ್ರಮಣದ ವರೆಗೆ ತಡೆಯಿರಿ. ಅಷ್ಟರೊಳಗೆ ಅಕ್ಕಿ ಮೇಲೆ ಹೋಗ್ತದೆ."

"ನಿಮ್ಮ ಯಜಮಾನರಿಗೆ ಕಾಲು ಸರಿ ಇಲ್ಲ ಅಲ್ವಾ? ಯಾರು ಬಿಡ್ತಾರೆ?"

"ನಾನು ಬಿಡ್ತೇನೆ."

ಅಧಿಕಾರಿ ಅವಳ ಮುಖ ನೋಡಿದರು. ತಮಾಷೆಯ ಸುಳಿವು ಕಾಣದೆ, ಸಂಕ್ರಮಣದ ವರೆಗೆ ಕಾಯುತ್ತೇವೆ ಎಂದರು.

ಜೀಪು ಬಿಡಲು ಅವಳಿಗೆ ಬರುತ್ತಿತ್ತು. ಕುಶಾಲಪ್ಪನೇ ಕೊಯ್ಲಾದ ಗದ್ದೆಯಲ್ಲಿ ಕಲಿಸಿದ್ದ. ಇಲ್ಲದ್ದು ಲೈಸೆನ್ಸು ಮಾತ್ರ. ಮಂಗಳೂರಿನಲ್ಲಿ ಲೈಸೆನ್ಸು ಕೊಡುವ ಬ್ರೇಕ್ ಇನ್‌ಸ್ಪೆಕ್ಟರು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತ ಈ ಹೆಂಗಸನ್ನು ಕಂಡು, ಸುಮ್ಮನೆ ವಾಪಸು ಕಳಿಸುವುದಕ್ಕೆಂದೇ, ಅವಳು ಬಾಡಿಗೆಗೆ ತಂದ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಮುಂದೆ ಹೋಗಲು ಹೇಳಿದರು. ಅವಳು ಹೋದಳು. ತಿರುಗಿಸಿ ಬರಲು ಹೇಳಿದರು. ಬಂದಳು. "ಎಲ್ಲಿ ಕಲಿತದ್ದು?" ಎಂದರು. "ಗದ್ದೆಯಲ್ಲಿ," ಎಂದಳು. ಮತ್ತೇನೂ ಕೇಳದೆ ಸಹಿ ಹಾಕಿದರು.

ಬರುವಾಗ ಬಂಟ್ವಾಳದಲ್ಲಿ ಇಳಿದು ವೆಂಕಪ್ಪನ ಗ್ಯಾರೇಜಿಗೆ ಹೋದಳು. ಜೀಪಿನ ಬಾಡಿ ನೆಟ್ಟಗಾಗಿತ್ತು. ವೆಂಕಪ್ಪ ಕೈ ಒರೆಸಿಕೊಂಡು ಹೇಳಿದ: "ಪೂವಮ್ಮಕ್ಕ, ಡಿಫ್ರೆನ್ಸಿನ ವಿಷಯ ನೀವು ತೀರ್ಮಾನ ಮಾಡಬೇಕು. ಮೊದಲಿನ ಹಾಗೆ ಸಾದಾ ಹಾಕಿದರೆ ಚಡವಿನಲ್ಲಿ ಕೂತುಕೊಳ್ತದೆ. ಬೆಸುಗೆ ಹಾಗೇ ಬಿಟ್ಟರೆ ಚಡವು ಹತ್ತುತ್ತದೆ, ಓರೆಯಲ್ಲಿ ಕಷ್ಟ. ಮೂರನೆಯದ್ದೂ ಒಂದುಂಟು. ತೋಡಾರಿನ ಹನೀಫಾ ಸಾಯ್ಬರ ಹಳೆ ಕಬ್ಬಿಣದ ಗುಜಿರಿಯಲ್ಲಿ ನೋಡಿದ್ದೇನೆ. ಯಾವುದೋ ಸರ್ವೆಯವರ ಅಮೆರಿಕದ ಜೀಪು ಘಟ್ಟದಲ್ಲಿ ಬಿದ್ದು ಹರಾಜಿಗೆ ಬಂದದ್ದು. ಅದರ ಡಿಫ್ರೆನ್ಸಿನಲ್ಲಿ ಕ್ಲಚ್ಚಿನ ಹಾಗೆ ಪ್ಲೇಟುಗಳುಂಟು. ತಿರುವಿನಲ್ಲಿ ಚಕ್ರಗಳನ್ನು ಬೇರೆಬೇರೆ ತಿರುಗಲು ಬಿಡ್ತದೆ. ಒಂದು ಚಕ್ರ ಜಾರಿದರೆ ಪ್ಲೇಟು ಒತ್ತಿ, ಇನ್ನೊಂದಕ್ಕೂ ಸ್ವಲ್ಪ ಶಕ್ತಿ ಕೊಡ್ತದೆ."

"ಸ್ವಲ್ಪ ಅಂದರೆ?"

"ಲಾಕಿನಷ್ಟು ಅಲ್ಲ. ಚಕ್ರ ಪೂರಾ ಗಾಳಿಯಲ್ಲಿ ನಿಂತರೆ ಪ್ಲೇಟೂ ಸೋಲ್ತದೆ."

"ಮತ್ತೆ ಲಾಕು ಓರೆಯಲ್ಲಿ ಯಾಕೆ ಜಾರಿದ್ದು?"

ವೆಂಕಪ್ಪ ಎರಡು ಕೈಗಳನ್ನು ಚಕ್ರಗಳ ಹಾಗೆ ತಿರುಗಿಸಿ ತೋರಿಸಿದ. "ಸಾದಾದಲ್ಲಿ ಒಂದು ಚಕ್ರ ತಿರುಗಿ ಹುಚ್ಚಾದರೂ ಇನ್ನೊಂದು ನೆಲ ಕಚ್ಚಿಕೊಂಡಿರ್ತದೆ. ಗಾಡಿಯನ್ನು ಬದಿಗೆ ಹೋಗದ ಹಾಗೆ ಹಿಡಿಯುವುದು ಅದೇ. ಲಾಕಿನಲ್ಲಿ ಎರಡೂ ಒಟ್ಟಿಗೇ ಹುಚ್ಚಾಗ್ತವೆ. ಹಿಡಿಯಲಿಕ್ಕೆ ಯಾರೂ ಇಲ್ಲ."

"ದಾರಿ ನೋಡಿ ಹೇಳ್ತೇನೆ," ಎಂದಳು.

ಆ ದಾರಿಯಲ್ಲಿ ಹದಿನೆಂಟು ವರ್ಷ ಓಡಾಡಿದವಳು ಮತ್ತೆ ಎಂತ ನೋಡುವುದು ಎಂದು ತುಕ್ರಪ್ಪನಿಗೆ ಆಶ್ಚರ್ಯ. ಆದರೂ ಮರುದಿನ ಮಳೆಯಲ್ಲಿ ಅವಳ ಹಿಂದೆ ಹೊರಟ. ಅವಳು ಮನುಷ್ಯರು ನಡೆಯುವ ಹಾಗೆ ನಡೆಯಲಿಲ್ಲ. ಒಮ್ಮೆ ಎಡ ಚಕ್ರದ ಜಾಡಿನಲ್ಲಿ ಇಳಿದಳು, ಮತ್ತೆ ಬಲ ಚಕ್ರದ ಜಾಡಿನಲ್ಲಿ ಏರಿದಳು. ಕೆಮ್ಮಣ್ಣಿನ ಚಡವಿನಲ್ಲಿ ಬರಿಗಾಲಿನ ಬೆರಳು ಊರಿ, ಎಲ್ಲಿ ಜಾರುತ್ತದೆ, ಎಲ್ಲಿ ಅಡಿಯಲ್ಲಿ ಗಟ್ಟಿ ಮುರಕಲ್ಲು ಸಿಗುತ್ತದೆ ಎಂದು ನೋಡಿದಳು. ಅಲ್ಲಿ ಬಹುಪಾಲು ಕಡೆ ಒಂದು ಜಾಡು ಜಾರಿದರೂ ಇನ್ನೊಂದರಲ್ಲಿ ಸ್ವಲ್ಪ ಹಿಡಿತವಿತ್ತು. ಒಂದೇ ಒಂದು ಕಡೆ ನೀರು ಕೊರೆದ ಗುಂಡಿ. ಅಲ್ಲಿ ಮಾತ್ರ ಚಕ್ರ ನೆಲ ಬಿಟ್ಟು ಅಂತರದಲ್ಲಿ ನಿಲ್ಲುವ ಹಾಗಿತ್ತು. ಓರೆಪಾದೆಗೆ ಬಂದಾಗ ಅವಳು ಅಡ್ಡಕ್ಕೆ ನಿಂತಳು. ಪಾಚಿ ಹಿಡಿದ ಬಂಡೆಯ ಮೇಲೆ ಎರಡೂ ಕಾಲು ಒಟ್ಟಿಗೆ ನಿಧಾನವಾಗಿ ತೋಡಿನ ಕಡೆ ಸರಿದವು. ತುಕ್ರಪ್ಪ ಗಕ್ಕನೆ ಅವಳ ಕೈ ಹಿಡಿದ.

ಮನೆಗೆ ಬಂದು ಗಂಡನ ಎದುರು ಕೂತು ಹೇಳಿದಳು: "ಪ್ಲೇಟಿನದ್ದು ಹಾಕಿಸುವ."

ಕುಶಾಲಪ್ಪ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದವನು ಎದ್ದು ಕೂತ. "ಯಾರದೋ ಬಿದ್ದ ಗಾಡಿಯ ಹಳೆ ಸಾಮಾನು! ಲಾಕೇ ಇರಲಿ. ಹತ್ತದ ಗಾಡಿ ಎಂತಕ್ಕೆ? ನಾನು ಬಿದ್ದದ್ದು ಲಾಕಿನಿಂದ ಅಲ್ಲ, ನನ್ನ ಅವಸರದಿಂದ."

"ಅವಸರ ನನಗೆ ಬರುವುದಿಲ್ಲವಾ? ಮಳೆ ಸುರಿಯುವಾಗ, ಮೇಲೆ ಜನ ಕಾಯುವಾಗ?"

"ನೀನು ನಿಧಾನ ಹೋಗು."

"ಪ್ರತಿ ವಾರ, ಪ್ರತಿ ಸಲ ತಪ್ಪದ ಹಾಗೆ ಬಿಡುವಷ್ಟು ಒಳ್ಳೆಯ ಡ್ರೈವರ್ ನಾನಲ್ಲ. ನೀವು ಯುದ್ಧದಲ್ಲಿ ಲಾರಿ ಬಿಟ್ಟವರು, ನಿಮ್ಮನ್ನೇ ಅದು ಕೆಡವಿತು." ಅವಳ ಸ್ವರ ಏರಲಿಲ್ಲ. "ನೋಡಿ, ಚಡವು ಹತ್ತದಿದ್ದರೆ ಗಾಡಿ ನಿಲ್ಲುತ್ತದೆ. ಇಳಿದು ಕಲ್ಲು ಹಾಕಬಹುದು, ಮೂಟೆ ಇಳಿಸಬಹುದು, ಬೈಯಬಹುದು. ಓರೆಯಲ್ಲಿ ಜಾರಿದರೆ ಅದು ನನ್ನ ಮಾತಿಗೆ ನಿಲ್ಲುವುದಿಲ್ಲ."

ಕುಶಾಲಪ್ಪ ನೋಯುವ ಕಾಲನ್ನು ಕೈಯಿಂದ ಎತ್ತಿ ನೆಲಕ್ಕೆ ಇಳಿಸಿದ. ಅವನಿಗೆ ಸೋತ ಹಾಗೆ ಅನಿಸಿತ್ತು. ಅದು ಅವಳಿಗೆ ಗೊತ್ತಾಯಿತು, ಆದರೆ ಸಮಾಧಾನ ಹೇಳಲು ಹೋಗಲಿಲ್ಲ. ಕೊನೆಗೆ ಅವನೇ ಹೇಳಿದ: "ಆ ನೀರಿನ ಗುಂಡಿಯಲ್ಲಿ ಚಕ್ರ ಎದ್ದರೆ, ಎಕ್ಸಿಲೇಟರ್ ಬಿಡದೆ ಎಡಗಾಲಿನಲ್ಲಿ ಬ್ರೇಕು ಸ್ವಲ್ಪ ಮುಟ್ಟು. ಒತ್ತಬೇಡ, ಮುಟ್ಟು ಅಷ್ಟೆ. ಹುಚ್ಚು ಚಕ್ರಕ್ಕೆ ತಡೆ ಸಿಕ್ಕಿದರೆ ಇನ್ನೊಂದು ಎಚ್ಚರಾಗ್ತದೆ. ಬರ್ಮಾದ ಕೆಸರಿನಲ್ಲಿ ನಾವು ಹಾಗೆ ಮಾಡ್ತಿದ್ದೆವು."

ಗುರುವಾಯನಕೆರೆ, ವೇಣೂರು, ಮೂಡುಬಿದಿರೆ ದಾಟಿ ಬಸ್ಸು ತೋಡಾರಿಗೆ ಬಂದಾಗ ವೆಂಕಪ್ಪ ಅಲ್ಲಿ ಕಾದಿದ್ದ. ಹನೀಫಾ ಗುಜಿರಿಯ ರಾಶಿಯ ನಡುವಿನಿಂದ ಗ್ರೀಸು ಮೆತ್ತಿದ ಗೋಣಿಯೊಂದನ್ನು ಎಳೆದು ಬಿಚ್ಚಿದರು. ವೆಂಕಪ್ಪ ಹಲ್ಲು ಎಣಿಸಿದ, ಅಳತೆ ನೋಡಿದ; ಇವರ ಜೀಪಿನ ಆಕ್ಸಲಿಗೆ ಹೊಂದುತ್ತಿತ್ತು.

"ಕೆಲಸ ಮಾಡ್ತದಾ ಸಾಯ್ಬರೇ?" ಪೂವಮ್ಮ ಕೇಳಿದಳು.

"ಅಕ್ಕ, ಸುಳ್ಳು ಹೇಳುವುದಿಲ್ಲ. ಇದರ ಹೊಟ್ಟೆಯೊಳಗೆ ಎಂತ ಉಂಟೂಂತ ನನಗೆ ಗೊತ್ತಿಲ್ಲ. ತೆಗೆದುಕೊಂಡು ಹೋಗಿ, ಹಾಕಿ ನೋಡಿ. ಆಗದಿದ್ದರೆ ವಾಪಸು ತನ್ನಿ," ಎಂದರು ಹನೀಫಾ. ಗುಜಿರಿ ವ್ಯಾಪಾರದಲ್ಲಿ ಅಂಥ ಮಾತು ಸುಲಭವಲ್ಲ.

ಬಂಟ್ವಾಳದಲ್ಲಿ ಅದನ್ನು ಜೀಪಿಗೆ ಕೂರಿಸಿದ ಮೇಲೆ ಪೂವಮ್ಮ ಪರೀಕ್ಷೆ ಮಾಡದೆ ಒಯ್ಯುವುದಿಲ್ಲ ಎಂದಳು. ಹಿಂದಿನ ಒಂದು ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿದರು. ಇನ್ನೊಂದು ನೆಲದ ಮೇಲೆಯೇ ಇತ್ತು. ಗಾಡಿಯನ್ನು ನ್ಯೂಟ್ರಲಿನಲ್ಲಿ ನಿಲ್ಲಿಸಿ, ಎತ್ತಿದ ಚಕ್ರಕ್ಕೆ ಉದ್ದದ ಕಬ್ಬಿಣದ ಸಲಾಕೆ ಅಡ್ಡ ಕಟ್ಟಿದರು. ಪ್ಲೇಟುಗಳು ಗಟ್ಟಿಯಿದ್ದರೆ ಆ ಚಕ್ರ ಸುಲಭದಲ್ಲಿ ತಿರುಗಬಾರದು. ವೆಂಕಪ್ಪ ಸಲಾಕೆಯ ತುದಿಯನ್ನು ಕೈಯಲ್ಲಿ ಅದುಮಿದ. ಚಕ್ರ ಬಾವಿಯ ರಾಟೆಯ ಹಾಗೆ ತಿರುಗಿಬಿಟ್ಟಿತು.

"ಪ್ಲೇಟು ಸವೆದಿದೆ," ಎಂದ, ಮುಖ ಸಣ್ಣದು ಮಾಡಿ. "ಹೊಸ ಪ್ಲೇಟು ಈ ದೇಶದಲ್ಲೇ ಸಿಗಲಿಕ್ಕಿಲ್ಲ. ಅಕ್ಕ, ವಾಪಸು ಕೊಟ್ಟು ಬರುವನಾ?"

ಸಂಕ್ರಮಣಕ್ಕೆ ವಾರವೂ ಉಳಿದಿರಲಿಲ್ಲ. "ಬಿಚ್ಚು," ಎಂದಳು ಪೂವಮ್ಮ. "ಸವೆದದ್ದು ಎಷ್ಟು ಅಂತ ನೋಡುವ."

ಬಿಚ್ಚಿದಾಗ ಪ್ಲೇಟುಗಳು ಮುರಿದಿರಲಿಲ್ಲ, ಸುಟ್ಟಿರಲಿಲ್ಲ, ತೆಳ್ಳಗಾಗಿದ್ದವು ಅಷ್ಟೆ. ನಡುವೆ ಉಗುರಿನಷ್ಟು ಸಡಿಲ.

"ಕೊಡಲಿಯ ಕಾವು ಸಡಿಲಾದರೆ ನಾವು ಹೊಸ ಕೊಡಲಿ ತರ್ತೇವಾ?" ಎಂದಳು. "ಒಂದು ಚಕ್ಕೆ ಹೊಡೆದು ಬಿಗಿ ಮಾಡ್ತೇವೆ."

ವೆಂಕಪ್ಪ ಅವಳನ್ನು ನೋಡಿದ, ಪ್ಲೇಟುಗಳನ್ನು ನೋಡಿದ. ಮೂಲೆಯಲ್ಲಿದ್ದ ಹಳೆಯ ಮರಗರಗಸದ ಅಲಗನ್ನು ತಂದ. ಗಟ್ಟಿ ಉಕ್ಕು, ತೆಳ್ಳಗೆ. ಅದರಿಂದ ಬಳೆಯಾಕಾರದ ಎರಡು ತುಂಡು ಕತ್ತರಿಸಿ, ಅರದಲ್ಲಿ ಉಜ್ಜಿ ಉಜ್ಜಿ ನಯ ಮಾಡಿ, ಪ್ಲೇಟುಗಳ ಬೆನ್ನಿಗೆ ಕೊಟ್ಟು ಕೂರಿಸಿದ. ಮೊದಲ ಸಲ ಬಿಗಿ ಹೆಚ್ಚಾಗಿ ಬೆಸುಗೆಯ ಹಾಗೇ ಆಯಿತು. ಮತ್ತೆ ಬಿಚ್ಚಿ ಉಜ್ಜಿದ. ಎರಡನೆಯ ಸಲ ಕೈಯಲ್ಲಿ ಅದುಮಿದರೆ ಚಕ್ರ ಅಲುಗಲಿಲ್ಲ. ಸಲಾಕೆಯ ತುದಿಗೆ ಅರ್ಧ ಮೂಟೆ ಮರಳು ತೂಗುಹಾಕಿದರು, ಆಗಲೂ ಅಲುಗಲಿಲ್ಲ. ಇನ್ನಷ್ಟು ಮರಳು ಸುರಿದಾಗ ಚಕ್ರ ನರಳಿಕೊಂಡು, ಇಷ್ಟಿಷ್ಟೇ, ತಿರುಗತೊಡಗಿತು.

"ಸಾಕು," ಎಂದಳು. "ಇಷ್ಟು ಹಟ ಇರಲಿ, ಇದಕ್ಕಿಂತ ಹೆಚ್ಚು ಬೇಡ."

ಸಂಕ್ರಮಣದ ಹಿಂದಿನ ದಿನ, ಬೆಳ್ತಂಗಡಿಯ ಗೋದಾಮಿನಲ್ಲಿ ಅಕ್ಕಿ ತುಂಬಿಸಿಕೊಂಡು ಪೂವಮ್ಮ ಹೊರಟಳು. ಪಕ್ಕದಲ್ಲಿ ತುಕ್ರಪ್ಪ. ಟಾರಿನ ತಿರುವುಗಳಲ್ಲಿ ಜೀಪು ಕಿರುಚಲಿಲ್ಲ. ಮಣ್ಣು ರೋಡಿಗೆ ಇಳಿದ ಕೂಡಲೇ ಮಳೆ ಜಡಿಯಿತು. ಚಡವಿನ ಬುಡದಿಂದಲೇ ಸಣ್ಣ ಗೇರಿನಲ್ಲಿ ಏರಿಸಿದಳು. ಹಿಂಭಾಗ ಆಚೀಚೆ ಆಡಿತು, ಆದರೆ ಗಾಡಿ ಮುಂದೆ ಹೋಗುತ್ತಲೇ ಇತ್ತು. ನೀರು ಕೊರೆದ ಗುಂಡಿಯ ಹತ್ತಿರ ಎಡ ಚಕ್ರ ಅಂತರಕ್ಕೆ ಎದ್ದಿತು. ಚಕ್ರ ತಿರುಗುವ ಸದ್ದು ಹೆಚ್ಚಿತು, ಜೀಪು ನಿಂತಿತು.

"ಇಳಿಯಲಾ ಅಕ್ಕ? ಕಲ್ಲು ತರ್ತೇನೆ," ಎಂದ ತುಕ್ರಪ್ಪ.

"ಕೂತುಕೋ."

ಎಡಗಾಲನ್ನು ಬ್ರೇಕಿನ ಮೇಲೆ, ಮಲಗಿದ ಮಗುವನ್ನು ಮುಟ್ಟುವ ಹಾಗೆ ಇಟ್ಟಳು. ಬಲಗಾಲು ಎಕ್ಸಿಲೇಟರಿನಲ್ಲೇ ಇತ್ತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಲಗಡೆಯಿಂದ ಒಂದು ನೂಕು ಬಂತು, ಯಾರೋ ಹೆಗಲು ಕೊಟ್ಟ ಹಾಗೆ. ಜೀಪು ಗುಂಡಿಯಿಂದ ಎದ್ದು ಚಡವಿನ ನೆತ್ತಿಗೆ ಬಂತು.

ಓರೆಪಾದೆಯ ಮೊದಲು ನಿಲ್ಲಿಸಿದಳು. ಬಂಡೆಯ ಮೇಲೆ ನೀರು ಹಾಸಿ ಹರಿಯುತ್ತಿತ್ತು. ಕೆಳಗೆ ತೋಡಿನ ಗದ್ದಲ. ತುಕ್ರಪ್ಪನಿಗೆ ಇಳಿದು ನಡೆಯಲು ಹೇಳಿದಳು. ಅವನು ಇಳಿಯಲಿಲ್ಲ.

"ಕಳೆದ ಸಲ ನಾನು ಹಾರಿದ್ದೆ," ಎಂದ. "ಈ ಸಲ ಕೂತಿರ್ತೇನೆ."

ನಡು ಬಂಡೆಯಲ್ಲಿ ಹಿಂಭಾಗ ಒಂದು ಗೇಣು ತೋಡಿನ ಕಡೆ ಸರಿಯಿತು. ಅವಳ ಬಲಗಾಲಿಗೆ ಒತ್ತುವ ಆಸೆ ಬಂತು, ಬೇಗ ದಾಟಿಬಿಡುವ ಆಸೆ. ಒತ್ತದೆ, ಕಾಲನ್ನು ಹಗುರ ಮಾಡಿದಳು. ಪ್ಲೇಟುಗಳು ಬಿಟ್ಟವು, ಒಂದು ಚಕ್ರ ಸುಮ್ಮನಾಗಿ ಬಂಡೆಯನ್ನು ಕಚ್ಚಿತು. ಜೀಪು ಅಲ್ಲೇ ನಿಂತು, ಮತ್ತೆ ಆಮೆಯ ಹಾಗೆ ತೆವಳಿ, ಆಚೆಯ ಮಣ್ಣು ಮುಟ್ಟಿತು. ಎಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತು ಕೂತಳು. ತುಕ್ರಪ್ಪ ಎಲೆಯಡಿಕೆ ಬಿಚ್ಚಿ ಅವಳಿಗೂ ಒಂದು ಪಾಲು ಕೊಟ್ಟ.

ಶಾಲೆಯ ಜಗಲಿಯಲ್ಲಿ ಜನ ಸೇರಿತ್ತು. ಮೂಟೆಗಳು ಇಳಿದವು. ಕುಶಾಲಪ್ಪ ಕೋಲು ಊರಿಕೊಂಡು ಅಲ್ಲಿವರೆಗೆ ಬಂದಿದ್ದ. ನೇರ ಜೀಪಿನ ಹಿಂದೆ ಹೋಗಿ ಬಗ್ಗಿ, ಡಿಫ್ರೆನ್ಸಿನ ಮೇಲೆ ಕೈಯಿಟ್ಟು ನೋಡಿದ.

"ಬಿಸಿಯಾಗಿದೆ," ಎಂದ. "ಈ ಪ್ಲೇಟುಗಳಿಗೆ ಆಯಿಲು ಆಗಾಗ ಬದಲಿಸಬೇಕಾದೀತು. ಅದನ್ನು ನಾನು ನೋಡಿಕೊಳ್ತೇನೆ."

ಆ ಮಳೆಗಾಲವಿಡೀ ಅವಳು ಅಕ್ಕಿ ತಂದಳು. ಒಂದು ವಾರ ಮಾತ್ರ, ತೋಡು ದಾರಿಯ ಮೇಲೇ ಹರಿಯುತ್ತಿದ್ದಾಗ, ಓರೆಪಾದೆಯ ಎದುರಿನಿಂದ ಗಾಡಿ ತಿರುಗಿಸಿದಳು. ಆಚೆ ಬದಿಯಲ್ಲಿ ಕಾದು ನಿಂತವರು ಕೂಗಿದರು, ಒಬ್ಬಿಬ್ಬರು ಬೈದರು. ಮರುದಿನ ಬೆಳಿಗ್ಗೆ ನೀರಿಳಿದ ಕೂಡಲೇ ಅದೇ ಮೂಟೆಗಳೊಂದಿಗೆ ಬಂದಳು. ಬೈದವರೇ ಮುಂದೆ ಬಂದು ಇಳಿಸಿಕೊಂಡರು.

ಡಿಪೋ ಮಂಜಲ್ಪಾದೆಯಲ್ಲೇ ಉಳಿಯಿತು. ಅರುವತ್ತೇಳರಲ್ಲಿ ಸರಕಾರದವರು ಬಂಡೆಗೆ ಮದ್ದಿಟ್ಟು ಓರೆಯನ್ನು ಒಡೆದು ದಾರಿಯನ್ನು ಸಮ ಮಾಡಿದರು. ಆ ವರ್ಷವೇ ಪೂವಮ್ಮ ಲಾರಿಯ ಲೈಸೆನ್ಸಿಗೆ ಅರ್ಜಿ ಹಾಕಿ, ಬಂಟ್ವಾಳಕ್ಕೆ ಹೋಗಿ ವೆಂಕಪ್ಪನ ಹತ್ತಿರ, ಕೊಳ್ಳುವಂಥ ಹಳೆಯ ಲಾರಿ ಯಾರಲ್ಲಾದರೂ ಉಂಟಾ ಎಂದು ವಿಚಾರಿಸಿದಳು.